ದೂರದಿಂದ ಒತ್ತುವ ಗುಂಡಿ

ವಿಜ್ಞಾನಕ್ಕೆ ಸೇರಿದ ವಿಷಯವೊಂದನ್ನು ಬಿ.ಎ. ತರಗತಿಯಲ್ಲಿ ಓದುವವರು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಹಡಗಲಿ ಸೀಮೆಯಲ್ಲಿ ಈ ವಿಷಯವಿರುವುದು ಪ್ರಯೋಗಶಾಲೆಯಲ್ಲಲ್ಲ. ಬೋರಿನ ಪಕ್ಕದಲ್ಲಿ ಕಂಬಕ್ಕೆ ಕಟ್ಟಿದ ತಗಡಿನ ಡಬ್ಬಿಯಲ್ಲಿ. ಊರಿನಲ್ಲಿ ಕುಳಿತು ದೂರವಾಣಿಯ ಮೂಲಕ ಹೊಲದ ಮೋಟರನ್ನು ನಡೆಸುವುದು ಈಗ ನಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ಇದೇ ವಿದ್ಯೆಗೆ ಇನ್ನೊಂದು ಮುಖವೂ ಉಂಟು. ದೂರದ ಕಚೇರಿಯಲ್ಲಿ ಕುಳಿತವರು ನಮ್ಮ ಮನೆಯ ವಿದ್ಯುತ್ ಮೀಟರನ್ನು ಓದುವುದು, ಬೇಕೆಂದಾಗ ನಮ್ಮ ದೀಪವನ್ನೇ ಆರಿಸುವುದು, ಅದೇ ಆ ಇನ್ನೊಂದು ಮುಖ. ಮೊದಲನೆಯದರಲ್ಲಿ ಗುಂಡಿಯು ಬಳಸುವವನ ಕೈಯಲ್ಲಿದೆ; ಎರಡನೆಯದರಲ್ಲಿ ಒದಗಿಸುವವರ ಕೈಯಲ್ಲಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ‘ಸುಧಾರಣೆ’ ಎಂದು ಕರೆಯುವ ಮೊದಲು ಬಿಡಿಸಿ ನೋಡುವುದು ಒಳಿತೆಂದು ನನಗೆ ತೋರಿದೆ.

ಮೋಟರಿಗೆ ಪ್ರತಿಸಲವೂ ಮನುಷ್ಯನೇ ಏಕೆ ಹೋಗಬೇಕು ಎಂಬ ಪ್ರಶ್ನೆಯಿಂದ ಆರಂಭಿಸೋಣ. ಸ್ಟಾರ್ಟರ್ ಡಬ್ಬಿಗೆ ಎರಡು ಗುಂಡಿಗಳಿರುವುದನ್ನು ಎಲ್ಲರೂ ಬಲ್ಲರು. ಹಸಿರು ಗುಂಡಿಯನ್ನು ಒತ್ತಿದೊಡನೆ ಒಳಗಿರುವ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹರಿದು ಅದು ಅಯಸ್ಕಾಂತವಾಗುತ್ತದೆ. ಆ ಅಯಸ್ಕಾಂತವು ಕಬ್ಬಿಣದ ಪಟ್ಟಿಯೊಂದನ್ನು ಸೆಳೆದು ಮೂರು ಫೇಸುಗಳನ್ನೂ ಮೋಟರಿಗೆ ಕೂಡಿಸುತ್ತದೆ. ಬೆರಳು ತೆಗೆದರೂ ಪಟ್ಟಿ ಬಿಡುವುದಿಲ್ಲ. ಏಕೆಂದರೆ ಒಮ್ಮೆ ಕೂಡಿದ ಮೇಲೆ ಸುರುಳಿಗೆ ಆ ಕೂಡುವಿಕೆಯಿಂದಲೇ ವಿದ್ಯುತ್ತು ದೊರೆಯುತ್ತಿರುತ್ತದೆ. ಕೆಂಪು ಗುಂಡಿ ಆ ದಾರಿಯನ್ನು ಕಡಿಯುತ್ತದೆ, ಪಟ್ಟಿ ಕಳಚಿ ಮೋಟರು ನಿಲ್ಲುತ್ತದೆ. ಕರೆಂಟು ಹೋದಾಗಲೂ ಹೀಗೆಯೇ ಪಟ್ಟಿ ಕಳಚಿಕೊಳ್ಳುತ್ತದೆ. ಮತ್ತೆ ಕರೆಂಟು ಬಂದರೆ ತಾನಾಗಿ ಕೂಡುವುದಿಲ್ಲ. ಇದು ಯಂತ್ರದ ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕರೆಂಟು ಹೋಯಿತೆಂದು ಯಾರಾದರೂ ಮೋಟರಿಗೆ ಕೈಹಾಕಿ ರಿಪೇರಿಗೆ ಕುಳಿತಿದ್ದಾಗ ಅದು ತಟ್ಟನೆ ತಿರುಗತೊಡಗಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಪ್ರತಿಸಲವೂ ಒಬ್ಬನು ಬಂದು ಕಣ್ಣಾರೆ ನೋಡಿ ಗುಂಡಿ ಒತ್ತಲಿ ಎಂದು ಇದನ್ನು ರೂಪಿಸಿದವರು ಬಗೆದರು.

ಅವರ ಬಗೆ ಸರಿಯಾದದ್ದೇ. ಆದರೆ ಕರೆಂಟು ಬರುವ ಹೊತ್ತನ್ನು ಗೊತ್ತುಮಾಡುವವರು ಅವರಲ್ಲ. ನಮ್ಮ ರಾಜ್ಯದಲ್ಲಿ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ೨೦೦೮ರಿಂದ ವಿದ್ಯುತ್ತು ಉಚಿತವಾಗಿದೆ. ಹಣವಿಲ್ಲವಾದುದರಿಂದ ಕಡಿವಾಣವೆಲ್ಲ ಹೊತ್ತಿನ ಮೇಲೆ ಬಿದ್ದಿದೆ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದೆಂದು ಸರ್ಕಾರದ ಗೊತ್ತು. ೨೦೨೩ರ ಬರಗಾಲದಲ್ಲಿ ಕೆಲವು ದಿನ ಅದು ಐದಕ್ಕೆ ಇಳಿದದ್ದೂ ಉಂಟು. ಆ ಏಳು ಗಂಟೆಗಳು ಹಗಲಿಗೊಂದಿಷ್ಟು ರಾತ್ರಿಗೊಂದಿಷ್ಟು ಎಂದು ಹಂಚಿಹೋಗುತ್ತವೆ, ನಡುವೆ ತುಂಡಾಗುತ್ತವೆ. ನಡುರಾತ್ರಿ ಕರೆಂಟು ಬಂದರೆ ನಡುರಾತ್ರಿಯೇ ಎದ್ದು ಹೋಗಬೇಕು. ಅರ್ಧ ಗಂಟೆಯಲ್ಲಿ ಹೋಗಿ ಮತ್ತೆ ಬಂದರೆ ಮತ್ತೆ ಎದ್ದು ಗುಂಡಿ ಒತ್ತಬೇಕು. ಬೇಸಗೆಯಲ್ಲಿ ಮಲ್ಲಿಗೆ ತೋಟದವರ ಪಾಡನ್ನು ಈ ಊರಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ರಾತ್ರಿ ನೀರು, ನಸುಕಿನಲ್ಲಿ ಮೊಗ್ಗು ಬಿಡಿಸುವುದು, ಹೊತ್ತು ಏರುವುದರೊಳಗೆ ಹೂವು ಬಸ್ಸಿಗೆ. ನಿದ್ದೆ ಎಂಬುದು ಇವುಗಳ ನಡುವೆ ಎಲ್ಲಾದರೂ ಸಿಕ್ಕರೆ ಸಿಕ್ಕಿತು. ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯುವಾಗ ಹಾವು ಕಚ್ಚಿಸಿಕೊಂಡು ಬದುಕಿ ಬಂದವರು ನಮ್ಮ ಓಣಿಯಲ್ಲೇ ಇದ್ದಾರೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ತಗಡಿನ ಡಬ್ಬಿ ಮುಟ್ಟುವುದು ಹಾವಿಗಿಂತ ಕಡಿಮೆ ಭಯದ ಸಂಗತಿಯೇನೂ ಅಲ್ಲ.

ಈ ಕಷ್ಟಕ್ಕೆ ರೈತರು ಮೊದಲು ಕಂಡುಕೊಂಡ ಮದ್ದು ‘ಆಟೋ’. ಕರೆಂಟು ಬಂದು ಕೆಲವು ಕ್ಷಣಗಳಾದ ಕೂಡಲೇ ಅದು ಹಸಿರು ಗುಂಡಿಯ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ರೈತ ಹಾಯಾಗಿ ಮಲಗಬಹುದು. ಆದರೆ ಒಬ್ಬನ ಹಾಯಿ ನೂರು ಜನರದಾದಾಗ ಬೇರೆಯೇ ಪರಿಣಾಮವಾಗುತ್ತದೆ. ಮೋಟರು ನಿಂತ ಸ್ಥಿತಿಯಿಂದ ತಿರುಗಲು ತೊಡಗುವ ಆ ಒಂದೆರಡು ಕ್ಷಣ, ಓಡುವಾಗ ಎಳೆಯುವುದರ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಒಂದು ಟಿ.ಸಿ.ಯ ಕೆಳಗಿನ ಮೋಟರುಗಳೆಲ್ಲ ಒಂದೇ ಕ್ಷಣಕ್ಕೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಮೋಟರು ಬಿಸಿಯಾಗುತ್ತದೆ, ಕೊನೆಗೆ ಟಿ.ಸಿ.ಯೇ ಸುಡುತ್ತದೆ. ಟಿ.ಸಿ. ಸುಟ್ಟ ವಾರ ಹೇಗಿರುತ್ತದೆಂಬುದನ್ನು ಬಲ್ಲವರೇ ಬಲ್ಲರು. ಇದರ ಮೇಲೆ ಇನ್ನೊಂದು: ನೋಡುವವರಿಲ್ಲದ ಮೋಟರು ಕರೆಂಟು ಇರುವವರೆಗೂ ನೀರೆತ್ತುತ್ತಲೇ ಇರುತ್ತದೆ. ಮಲ್ಲಿಗೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬೋರು ಬತ್ತಿದರೆ ಮೋಟರು ಒಣಗಿಕೊಂಡೇ ತಿರುಗಿ ಕೆಡುತ್ತದೆ. ಆಟೋ ಎಂಬುದು ಬುದ್ಧಿಯಿಲ್ಲದ ಸೇವಕ. ಹೇಳಿದ್ದೊಂದನ್ನು ಬಿಟ್ಟು ಬೇರೇನನ್ನೂ ಅದು ಅರಿಯದು.

ಇಲ್ಲಿಗೆ ದೂರವಾಣಿ ಬಂತು. ನಮ್ಮ ಮನೆಯಲ್ಲಿ ಆ ಯಂತ್ರವನ್ನು ಕೂಡಿಸಿದಾಗ ಅದರೊಡನೆ ಬಂದ ಇಂಗ್ಲಿಷ್ ಕಾಗದವನ್ನು ಓದಿ ಹೇಳುವ ಕೆಲಸ, ಮನೆಯಲ್ಲಿ ಕಾಲೇಜು ಕಂಡವರು ಬೇರೆ ಯಾರೂ ಇಲ್ಲವಾದುದರಿಂದ, ನನ್ನ ಪಾಲಿಗೆ ಬಂದಿತು. ಆ ಕಾಗದ ಅರ್ಥವಾಗಲು ಬಹಳ ದಿನ ಬೇಕಾಯಿತು. ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ, ಅರ್ಥಾತ್ ಮೋಟರಿಗೂ ಒಂದು ದೂರವಾಣಿ ಸಂಖ್ಯೆಯುಂಟು. ನಾವು ಆ ಸಂಖ್ಯೆಗೆ ಕರೆಮಾಡಿದರೆ ಯಂತ್ರವು, ಇದು ಗೊತ್ತಿರುವ ಸಂಖ್ಯೆಯೇ ಎಂದು ಮೊದಲು ನೋಡಿ, ಕರೆಯನ್ನು ತಾನೇ ಎತ್ತಿಕೊಳ್ಳುತ್ತದೆ. ಬಳಿಕ ನಾವು ಫೋನಿನ ಮೇಲೆ ಅಂಕೆಯೊಂದನ್ನು ಒತ್ತುತ್ತೇವೆ. ಆಗ ‘ಟೊಂಯ್’ ಎಂದು ಕೇಳಿಸುವ ಸದ್ದನ್ನು ನಾವು ಲಕ್ಷ್ಯಕ್ಕೆ ತಾರದೆ ಬಿಡುತ್ತೇವೆ. ವಾಸ್ತವವಾಗಿ ಅದು ಒಂದು ಸ್ವರವಲ್ಲ, ಎರಡು. ಬಯಲಾಟದಲ್ಲಿ ಹಾರ್ಮೋನಿಯಂ ನುಡಿಸುವವರು ಎರಡು ಮನೆಗಳನ್ನು ಒಮ್ಮೆಗೇ ಒತ್ತಿದಂತೆ. ಫೋನಿನ ಅಂಕೆಗಳು ನಾಲ್ಕು ಅಡ್ಡಸಾಲು, ಮೂರು ಉದ್ದಸಾಲುಗಳಲ್ಲಿ ಇವೆಯಷ್ಟೆ. ಪ್ರತಿ ಅಡ್ಡಸಾಲಿಗೆ ಒಂದು ತಗ್ಗು ಸ್ವರ, ಪ್ರತಿ ಉದ್ದಸಾಲಿಗೆ ಒಂದು ಏರು ಸ್ವರ. ಒಂದರ ಅಂಕೆಯನ್ನು ಒತ್ತಿದರೆ ಸೆಕೆಂಡಿಗೆ ೬೯೭ ಕಂಪನಗಳ ಸ್ವರವೂ ೧೨೦೯ ಕಂಪನಗಳ ಸ್ವರವೂ ಕೂಡಿ ಹೊರಡುತ್ತವೆ. ಐದನ್ನು ಒತ್ತಿದರೆ ೭೭೦ ಮತ್ತು ೧೩೩೬. ಹೀಗೆ ಏಳು ಸ್ವರಗಳಿಂದ ಹನ್ನೆರಡು ಗುಂಡಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಒಂದರ ಬದಲು ಎರಡು ಸ್ವರಗಳನ್ನು ಏಕೆ ಇಟ್ಟರೆಂದರೆ, ಮನುಷ್ಯನ ಮಾತಿನಲ್ಲಾಗಲಿ ನಾಯಿಯ ಬೊಗಳಿನಲ್ಲಾಗಲಿ ಈ ಎರಡು ನಿಶ್ಚಿತ ಸ್ವರಗಳು ಒಟ್ಟಿಗೆ ಮೂಡುವುದು ಬಹಳ ಅಪರೂಪ. ಯಾರೋ ಕೂಗಿದ್ದಕ್ಕೆ ಮೋಟರು ಎದ್ದುಬಿಡಬಾರದಷ್ಟೆ! ಈ ಪದ್ಧತಿಯನ್ನು ಅಮೆರಿಕದ ಬೆಲ್ ಕಂಪನಿಯವರು ೧೯೬೩ರಲ್ಲಿ ಬಳಕೆಗೆ ತಂದದ್ದು ನಂಬರು ತಿರುಗಿಸುವ ಚಕ್ರವನ್ನು ಬಿಡಿಸುವುದಕ್ಕಾಗಿ. ಅದು ಹಡಗಲಿಯ ಬೋರಿಗೂ ಬಂದೀತೆಂದು ಅವರು ಎಣಿಸಿರಲಾರರು.

ಡಬ್ಬಿಯೊಳಗಿನ ಸಣ್ಣ ಬಿಲ್ಲೆಯೊಂದು ಈ ಜೋಡಿ ಸ್ವರವನ್ನು ಬಿಡಿಸಿ ಇದು ಇಂಥ ಅಂಕೆಯೆಂದು ತಿಳಿದುಕೊಳ್ಳುತ್ತದೆ. ಬಳಿಕ ಬೆರಳು ತುದಿಯಷ್ಟಿರುವ ರಿಲೇ ಎಂಬ ಅಯಸ್ಕಾಂತದ ಸ್ವಿಚ್ಚು, ಕ್ಷಣಕಾಲ ಹಸಿರು ಗುಂಡಿಯನ್ನು ಒತ್ತಿದಂತೆ ಮಾಡುತ್ತದೆ. ನಿಲ್ಲಿಸುವ ಅಂಕೆಗೆ ಇನ್ನೊಂದು ರಿಲೇ ಕೆಂಪು ಗುಂಡಿಯಂತೆ ದಾರಿ ಕಡಿಯುತ್ತದೆ. ಇಷ್ಟೇ. ಹಳೆಯ ಸ್ಟಾರ್ಟರನ್ನು ಎಸೆಯಬೇಕಾದುದಿಲ್ಲ. ಎರಡು ಗುಂಡಿಗಳಿಗೆ ಎರಡು ಅದೃಶ್ಯ ಬೆರಳುಗಳನ್ನು ಕೂಡಿಸಿದಂತಾಯಿತು.

ಆದರೆ ನನ್ನ ದೃಷ್ಟಿಯಲ್ಲಿ ಗುಂಡಿಗಿಂತ ಹೆಚ್ಚಿನದು ಉತ್ತರ. ಯಂತ್ರವು ಮರುನುಡಿಯುತ್ತದೆ: ಕರೆಂಟು ಇದೆಯೆ, ಮೂರು ಫೇಸೂ ಇವೆಯೆ, ಮೋಟರು ಓಡುತ್ತಿದೆಯೆ. ಮೂರರಲ್ಲಿ ಒಂದು ಫೇಸು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಮೋಟರಿನ ಸುರುಳಿ ಸುಡುತ್ತದೆ. ಯಂತ್ರ ಅದನ್ನು ಅರಿತು ನಿಲ್ಲಿಸುತ್ತದೆ. ಬೋರಿನಲ್ಲಿ ನೀರು ಮುಗಿದರೆ ಎತ್ತಲು ಭಾರವಿಲ್ಲದ್ದರಿಂದ ಮೋಟರು ಎಳೆಯುವ ವಿದ್ಯುತ್ತು ಕಡಿಮೆಯಾಗುತ್ತದೆ. ಅದನ್ನು ಕಂಡೂ ನಿಲ್ಲಿಸುತ್ತದೆ. ನೆಲದೊಳಗೆ ನೂರಾರು ಅಡಿ ಆಳದಲ್ಲಿ ನೀರು ಮುಗಿದ ಸುದ್ದಿಯನ್ನು ತಂತಿಯ ವಿದ್ಯುತ್ತಿನಿಂದಲೇ ಓದಿಕೊಳ್ಳುವುದು ನನಗೆ ಇಂದಿಗೂ ಸೋಜಿಗವೆನಿಸುತ್ತದೆ.

ನಮ್ಮ ದೇಶದಲ್ಲಿ ಇದನ್ನು ರೈತರ ಕೈಗೆ ತಂದವರಲ್ಲಿ ಪುಣೆಯ ಎಂಜಿನಿಯರ್ ಸಂತೋಷ ಓಸ್ತವಾಲರ ಹೆಸರು ಮುಖ್ಯವಾದುದು. ಅಜ್ಜನು ಇಳಿವಯಸ್ಸಿನಲ್ಲೂ ಪಂಪು ಹಾಕಲು ಹೊಲಕ್ಕೆ ನಡೆದುಹೋಗುತ್ತಿದ್ದುದನ್ನು ಕಂಡು ಅವರು ಈ ಯೋಚನೆಗೆ ತೊಡಗಿದರಂತೆ. ಅವರ ‘ನ್ಯಾನೋ ಗಣೇಶ್’ ಎಂಬ ಯಂತ್ರಕ್ಕೆ ೨೦೦೯ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಈಚೆಗೆ ಹಲವು ಹೆಸರುಗಳಲ್ಲಿ ಇಂಥ ಡಬ್ಬಿಗಳು ಪೇಟೆಗೆ ಬಂದಿವೆ.

ಇದರಿಂದ ನೀರು ಉಳಿಯಿತೆ ಎಂದು ಅರ್ಥಶಾಸ್ತ್ರ ಓದುವವರು ಕೇಳಿಯೇ ಕೇಳುತ್ತಾರೆ. ನಡಿಗೆ ಉಳಿಯಿತು, ನಿದ್ದೆ ಉಳಿಯಿತು, ಮೋಟರು ಉಳಿಯಿತು. ನೀರಿನ ಮಾತು ಅಷ್ಟು ಸರಳವಲ್ಲ. ಐದು ಅಶ್ವಶಕ್ತಿಯ ಮೋಟರೆಂದರೆ ಸುಮಾರು ೩.೭ ಕಿಲೋವಾಟ್, ಏಳು ಗಂಟೆ ಓಡಿದರೆ ದಿನಕ್ಕೆ ೨೬ ಯೂನಿಟ್ಟಿಗೂ ಮೇಲೆ. ಆ ಯೂನಿಟ್ಟಿಗೆ ರೈತನ ಪಾಲಿಗೆ ಬೆಲೆಯಿಲ್ಲದಿರುವಾಗ ಆರಿಸುವ ಅಂಕೆಯನ್ನು ಒತ್ತಲು ಅವನಿಗೆ ಕಾರಣವೇನು? ನಾಳೆ ಕರೆಂಟು ಬರುವುದೋ ಇಲ್ಲವೋ ಎಂಬ ಅನುಮಾನವಿರುವವನು ಇಂದೇ ತುಂಬಿಕೊಳ್ಳುತ್ತಾನೆ. ಆದರೂ ಆಟೋಗಿಂತ ಇದು ಮೇಲು. ಆರಿಸುವುದು ಬೆರಳ ತುದಿಯಲ್ಲಿದ್ದರೆ ಸಾಕೆನಿಸಿದಾಗ ಆರಿಸುವವರು ಕೆಲವರಾದರೂ ಇರುತ್ತಾರೆ. ಆರಿಸಲು ಎರಡು ಮೈಲಿ ನಡೆಯಬೇಕಾದರೆ ಯಾರೂ ಆರಿಸುವುದಿಲ್ಲ.

ಇನ್ನು ಮೀಟರಿನ ಮಾತು. ದೂರವಾಣಿಯ ಮೂಲಕ ಮೀಟರು ಓದುವ ಯೋಚನೆಗೆ ಅರ್ಧ ಶತಮಾನ ತುಂಬಿದೆ. ಗ್ರೀಸ್ ದೇಶದ ಮೂಲದ ಥಿಯೋಡೋರ್ ಪರಸ್ಕೆವಾಕೋಸ್ ಎಂಬುವರು ಕರೆಮಾಡಿದವರ ಸಂಖ್ಯೆಯನ್ನು ಕರೆಯೊಡನೆಯೇ ಕಳಿಸುವ ವಿಷಯದಲ್ಲಿ ದುಡಿದವರು. ಸಂಖ್ಯೆಯನ್ನು ಕಳಿಸಬಹುದಾದರೆ ಮೀಟರಿನ ಅಂಕೆಯನ್ನೂ ಕಳಿಸಬಹುದಲ್ಲವೆ? ಅಮೆರಿಕದ ಅಲಬಾಮಾ ಪ್ರಾಂತದಲ್ಲಿದ್ದಾಗ ೧೯೭೦ರ ದಶಕದ ಮೊದಲಲ್ಲಿ ಅವರು ಇದನ್ನು ಸಾಧಿಸಿ, ೧೯೭೭ರಲ್ಲಿ ಇದಕ್ಕಾಗಿಯೇ ಒಂದು ಕಂಪನಿಯನ್ನು ತೆರೆದರು. ನ್ಯೂಜಿಲೆಂಡಿನವರು ದೂರವಾಣಿಯನ್ನೂ ಬಯಸದೆ, ವಿದ್ಯುತ್ ತಂತಿಯ ಮೇಲೆಯೇ ಸಣ್ಣ ಸಂಕೇತ ಹರಿಸಿ ಮನೆಮನೆಯ ನೀರು ಕಾಯಿಸುವ ಕಡಾಯಿಗಳನ್ನು ಸಂಜೆಯ ಹೊತ್ತು ಆರಿಸುವ ಪದ್ಧತಿಯನ್ನು ೧೯೫೦ರ ದಶಕದಿಂದಲೇ ನಡೆಸಿದ್ದಾರೆ. ನಮ್ಮಲ್ಲಿ ಅಂಥದು ಆಗ ಸಾಧ್ಯವಿರಲಿಲ್ಲ. ಮನೆಗೆ ದೂರವಾಣಿಯ ತಂತಿಯೇ ಇರಲಿಲ್ಲ. ಸಿ-ಡಾಟ್ ಸಂಸ್ಥೆಯ ೧೨೮ ಸಂಪರ್ಕಗಳ ಮೊದಲ ಗ್ರಾಮೀಣ ದೂರವಾಣಿ ಕೇಂದ್ರ ನಮ್ಮ ಕಿತ್ತೂರಿನಲ್ಲಿ ಆರಂಭವಾದದ್ದು ೧೯೮೬ರಲ್ಲಿ. ಊರಿಗೊಂದು ಫೋನು ಎಂಬುದೇ ಆಗ ದೊಡ್ಡ ಮಾತು. ತಂತಿಯ ಘಟ್ಟವನ್ನು ನಮ್ಮ ಹಳ್ಳಿಗಳು ಅರ್ಧದಲ್ಲೇ ಬಿಟ್ಟು ಮೊಬೈಲಿಗೆ ಹಾರಿದವು.

ಹುಬ್ಬಳ್ಳಿ-ಧಾರವಾಡದಲ್ಲಿ ನಡೆದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ನಲ್ಲಿಯಲ್ಲಿ ನೀರು ಹಲವು ದಿನಕ್ಕೊಮ್ಮೆ, ಅದೂ ಗೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಿದ್ದ ಬಡಾವಣೆಗಳಲ್ಲಿ, ನೀರಿಗಾಗಿ ಮನೆಯಲ್ಲೊಬ್ಬರು, ಬಹುತೇಕ ಹೆಂಗಸರು, ಕಾದು ಕೂರಬೇಕಿತ್ತು. ೨೦೧೦ರ ಸುಮಾರಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ‘ನೆಕ್ಸ್ಟ್‌ಡ್ರಾಪ್’ ಎಂಬ ಸಂಸ್ಥೆ, ವಾಲ್ವು ತಿರುಗಿಸುವ ನೌಕರನಿಂದ ಒಂದು ಫೋನು ಮಾಡಿಸಿ, ಆ ಬಡಾವಣೆಯ ಮನೆಗಳಿಗೆ ನೀರು ಬರುವ ಮೊದಲೇ ಎಸ್.ಎಂ.ಎಸ್. ಕಳಿಸುತ್ತಿತ್ತು. ಇಲ್ಲಿ ಯಂತ್ರವೆಂಬುದು ಬಹು ಸ್ವಲ್ಪ, ವಾಲ್ವಿನವನೇ ಮೀಟರು. ಇದೇ ಕೆಲಸ ಬೆಂಗಳೂರಿಗೆ ಹೋದಾಗ ಸಂಶೋಧಕರು ಪರೀಕ್ಷಿಸಿ ನೋಡಿದರು. ಪ್ರಯೋಜನ ನಿರೀಕ್ಷಿಸಿದಷ್ಟು ಕಾಣಲಿಲ್ಲ. ವಾಲ್ವಿನವರು ಎಷ್ಟೋ ಸಲ ಸುದ್ದಿಯನ್ನೇ ಕಳಿಸುತ್ತಿರಲಿಲ್ಲವೆಂದು ತಿಳಿಯಿತು. ಅವರಿಗೂ ಮನೆಮಠವುಂಟು, ಕೆಲಸದ ಹೊರೆಯುಂಟು. ಸುದ್ದಿಯ ಕೊನೆಯ ತುದಿಯಲ್ಲಿ ನಿಂತ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಎಷ್ಟು ಜಾಣತನದ್ದಾದರೂ ಕುಂಟುತ್ತದೆ.

ನಮ್ಮಲ್ಲಿ ಮೀಟರಿನ ಕೊನೆಯ ತುದಿಯಲ್ಲಿರುವವನು ಗ್ರಾಮ ವಿದ್ಯುತ್ ಪ್ರತಿನಿಧಿ. ತಿಂಗಳಿಗೊಮ್ಮೆ ಬಂದು, ಮೀಟರು ನೋಡಿ, ಕೈಯಲ್ಲಿನ ಯಂತ್ರದಿಂದ ಬಿಲ್ಲಿನ ಚೀಟಿ ಹರಿದುಕೊಡುತ್ತಾನೆ. ೨೦೨೩ರ ಜುಲೈಯಿಂದ ‘ಗೃಹಜ್ಯೋತಿ’ಯಲ್ಲಿ ೨೦೦ ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ ಅವರವರ ಹಿಂದಿನ ಸರಾಸರಿಯ ಲೆಕ್ಕದಲ್ಲಿ ಉಚಿತವಾದ ಮೇಲೆ ‘ಸೊನ್ನೆ ಬಿಲ್ಲು’ ಎಂಬ ಹೊಸ ಮಾತೇ ಹುಟ್ಟಿದೆ. ಆ ಚೀಟಿ ಓದಲು ಬಾರದವರಿಗೆ ಅವನೇ ಓದಿ ಹೇಳುತ್ತಾನೆ; ಈ ತಿಂಗಳು ಹೆಚ್ಚಾಗಿದೆ, ಕಾಯಿಲನ್ನು ಜೋಪಾನವಾಗಿ ಬಳಸಿರೆಂದು ಎಚ್ಚರಿಸುತ್ತಾನೆ. ಕೇಂದ್ರ ಸರ್ಕಾರವು ೨೦೨೧ರಲ್ಲಿ ಹೊರಡಿಸಿದ ಯೋಜನೆ ದೇಶದಲ್ಲಿ ೨೫ ಕೋಟಿ ಸ್ಮಾರ್ಟ್ ಮೀಟರುಗಳನ್ನು ಕೂಡಿಸುವ ಗುರಿಯಿಟ್ಟಿತು. ನಮ್ಮ ರಾಜ್ಯದಲ್ಲಿ ೨೦೨೫ರಲ್ಲಿ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಬೆಲೆಯ ವಿಷಯದಲ್ಲಿ ಎದ್ದ ತಕರಾರು ಹೈಕೋರ್ಟಿನವರೆಗೂ ಹೋಯಿತು. ಬೆಲೆಯ ಜಗಳವನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ನಾನು ಬೇರೆ ಎರಡು ಸಂಗತಿಗಳನ್ನು ಹೇಳಬಯಸುತ್ತೇನೆ.

ಸ್ಮಾರ್ಟ್ ಮೀಟರು ಕೇವಲ ಓದಿ ಹೇಳುವ ಯಂತ್ರವಲ್ಲ. ಸಂಪರ್ಕವನ್ನು ಕಡಿಯುವ ಸ್ವಿಚ್ಚೂ ಅದರ ಹೊಟ್ಟೆಯೊಳಗೇ ಇದೆ. ೨೦೨೦ರ ಆಗಸ್ಟ್ ೧೨ರಂದು, ಜನ್ಮಾಷ್ಟಮಿಯ ಸಂಜೆ, ಉತ್ತರಪ್ರದೇಶದಲ್ಲಿ ಲಕ್ಷಕ್ಕೂ ಹೆಚ್ಚು ಮನೆಗಳ ದೀಪಗಳು ಒಮ್ಮೆಗೇ ಆರಿಹೋದವು. ತಂತಿ ಹರಿದಿರಲಿಲ್ಲ, ಕಂಬ ಬಿದ್ದಿರಲಿಲ್ಲ. ತಪ್ಪಾದ ಆಜ್ಞೆಯೊಂದು ಮೀಟರುಗಳಿಗೆ ತಲುಪಿತ್ತು, ಅಷ್ಟೆ. ೨೦೦೩ರ ವಿದ್ಯುತ್ ಕಾಯಿದೆಯ ೫೬ನೆಯ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ ಹದಿನೈದು ದಿನಗಳ ಲಿಖಿತ ನೋಟೀಸು ಕೊಡತಕ್ಕದ್ದು. ಲೈನ್‌ಮನ್ ಏಣಿ ಹೊತ್ತು ಬರುತ್ತಿದ್ದಾಗ ಆ ಹದಿನೈದು ದಿನಗಳಲ್ಲದೆ ಇನ್ನೊಂದು ಗಳಿಗೆಯೂ ಇತ್ತು. ಬಾಗಿಲಲ್ಲಿ ನಿಂತು, “ಅಣ್ಣಾ, ಸೋಮವಾರ ಹೂವಿನ ರೊಕ್ಕ ಬರ್ತದ, ಅಲ್ಲಿತನಕ ತಡಿ,” ಎಂದು ಹೇಳಬಹುದಾಗಿತ್ತು. ಅದು ಕಾಯಿದೆಯಲ್ಲಿ ಬರೆದ ಹಕ್ಕಲ್ಲ. ಆದರೆ ಬಡವರು ಹೆಚ್ಚಾಗಿ ಬಳಸಿಕೊಂಡ ಹಕ್ಕು. ಮುಂಗಡ ಹಣದ ಮೀಟರಿನಲ್ಲಿ ಹಣ ಮುಗಿದ ಕ್ಷಣವೇ ನೋಟೀಸು. ದೂರದಿಂದ ಕಡಿಯುವವರಿಗೆ ಬಾಗಿಲು ಕಾಣಿಸುವುದಿಲ್ಲ.

ಎರಡನೆಯದು ಮನೆಯ ಗುಟ್ಟಿನದು. ತಿಂಗಳಿಗೊಂದು ಅಂಕೆಯಿಂದ ಯಾರಿಗೂ ಏನೂ ತಿಳಿಯದು. ಅರ್ಧ ಗಂಟೆಗೊಮ್ಮೆ ಅಂಕೆ ಹೋಗತೊಡಗಿದರೆ ಮನೆಯವರು ಏಳುವ ಹೊತ್ತು, ಮಲಗುವ ಹೊತ್ತು, ಮನೆಗೆ ಬೀಗವಿರುವ ದಿನ ಎಲ್ಲವೂ ತಿಳಿಯುತ್ತವೆ. ಯಾವ ಯಂತ್ರ ಎಷ್ಟು ವಿದ್ಯುತ್ತನ್ನು ಎಳೆಯುತ್ತದೆಂಬುದರಿಂದ ಅದನ್ನು ಹೊರಗಿನಿಂದಲೇ ಗುರುತಿಸುವ ವಿದ್ಯೆಯನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ೧೯೮೦ರ ದಶಕದಲ್ಲಿ ಬೆಳೆಸಿದ ಜಾರ್ಜ್ ಹಾರ್ಟ್ ಎಂಬುವರೇ, ಇದು ಮನೆಯೊಳಗನ್ನು ಇಣುಕುವ ಸಾಧನವಾದೀತೆಂದು ೧೯೮೯ರಲ್ಲಿ ಲೇಖನ ಬರೆದು ಎಚ್ಚರಿಸಿದರು. ತಾನು ಕಟ್ಟಿದ ಯಂತ್ರದ ಅಪಾಯವನ್ನು ತಾನೇ ಮೊದಲು ಹೇಳುವ ಪ್ರಾಮಾಣಿಕತೆ ಎಲ್ಲ ವಿದ್ವಾಂಸರಲ್ಲೂ ಕಾಣುವುದಿಲ್ಲ. ನೆದರ್ಲೆಂಡ್ಸ್ ದೇಶದ ಮೇಲ್ಮನೆಯು ೨೦೦೯ರಲ್ಲಿ ಇದೇ ಕಾರಣಕ್ಕಾಗಿ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಲು ಒಪ್ಪಲಿಲ್ಲ. ಹಳ್ಳಿಯಲ್ಲಿ ಗುಟ್ಟೆಲ್ಲಿದೆ, ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆಯಲ್ಲ ಎಂದು ನನ್ನ ಸ್ನೇಹಿತರೊಬ್ಬರು ನಕ್ಕರು. ನೆರೆಯವರಿಗೆ ಗೊತ್ತಿರುವುದು ಬೇರೆ. ಮುಖ ನೋಡದ ಕಚೇರಿಗೆ ಗೊತ್ತಿರುವುದು ಬೇರೆ. ನೆರೆಯವರ ಮನೆಯ ಸಂಗತಿ ನಮಗೂ ಗೊತ್ತಿರುತ್ತದೆ, ಕಚೇರಿಯ ಸಂಗತಿ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಹೇಳಿ ಮೀಟರೇ ಬೇಡವೆನ್ನುವವರ ಗುಂಪಿಗೆ ನಾನು ಸೇರಲಾರೆ. ಎಲ್ಲಿ ಎಷ್ಟು ಸೋರಿಹೋಗುತ್ತಿದೆಯೆಂದು ಲೆಕ್ಕವಿಲ್ಲದ ವಿದ್ಯುತ್ತನ್ನು ನ್ಯಾಯವಾಗಿ ಹಂಚುವುದು ಹೇಗೆ? ಹಗಲು ಬಿಸಿಲಿನ ವಿದ್ಯುತ್ತು ಅಗ್ಗವಾಗಿರುವಾಗ ಅದರ ಪ್ರಯೋಜನ ಬಳಸುವವರಿಗೂ ತಟ್ಟಬೇಕಾದರೆ ಗಂಟೆಗಂಟೆಯ ಲೆಕ್ಕ ಬೇಕೇ ಬೇಕು. ನನ್ನ ತಕರಾರು ಲೆಕ್ಕದ ಮೇಲಲ್ಲ, ಅದು ಒಂದೇ ದಿಕ್ಕಿನಲ್ಲಿ ಹರಿಯುವುದರ ಮೇಲೆ. ಬಳಕೆದಾರರ ಹಕ್ಕುಗಳ ನಿಯಮಗಳಿಗೆ ೨೦೨೩ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸ್ಮಾರ್ಟ್ ಮೀಟರನ್ನು ದಿನಕ್ಕೊಮ್ಮೆಯಾದರೂ ದೂರದಿಂದ ಓದಿ, ಆ ಅಂಕೆಗಳನ್ನು ಬಳಕೆದಾರರಿಗೂ ತಿಳಿಸಬೇಕೆಂದಿದೆ. ತಿಳಿಸುವ ದಾರಿಯೆಂದು ಸಾಮಾನ್ಯವಾಗಿ ಹೇಳುವುದು ಆ್ಯಪ್. ಆದರೆ ನಮ್ಮ ಅವ್ವನ ಕೈಯಲ್ಲಿರುವುದು ಗುಂಡಿಯ ಫೋನು. ಅದೇ ಫೋನಿನಿಂದ ಅಂಕೆ ಒತ್ತಿ ಆಕೆ ಮೋಟರು ಹಾಕುತ್ತಾಳೆ, ಆರಿಸುತ್ತಾಳೆ. ‘ಮೋಟರ್ ಚಾಲೂ ಆಗಿದೆ’ ಎಂಬ ಉತ್ತರವನ್ನು ಕೇಳಿಸಿಕೊಳ್ಳುತ್ತಾಳೆ. ವಿದ್ಯುತ್ ದೂರಿಗೆಂದು ಈಗಾಗಲೇ ೧೯೧೨ ಎಂಬ ಸಂಖ್ಯೆ ಇದೆ. ಆ ಸಂಖ್ಯೆಗೆ ಕರೆಮಾಡಿ ಒಂದನ್ನು ಒತ್ತಿದರೆ ನೆನ್ನೆ ಸುಟ್ಟ ಯೂನಿಟ್ಟು ಎಷ್ಟು, ಎರಡನ್ನು ಒತ್ತಿದರೆ ಉಳಿದಿರುವ ಹಣವೆಷ್ಟು, ಮೂರನ್ನು ಒತ್ತಿದರೆ ‘ಸೋಮವಾರದವರೆಗೆ ತಡೆಯಿರಿ’ ಎಂಬ ಅರ್ಜಿ ದಾಖಲು, ಇವನ್ನೆಲ್ಲ ಕನ್ನಡದ ದನಿಯಲ್ಲಿ ಕೇಳಿಸಲು ಹೊಸದಾಗಿ ಯಾವ ಯಂತ್ರವನ್ನೂ ಕಂಡುಹಿಡಿಯಬೇಕಾಗಿಲ್ಲ. ಬೋರಿನ ಡಬ್ಬಿಯಲ್ಲಿರುವ ಏಳು ಸ್ವರಗಳೇ ಸಾಕು.